ನೀರಿನಲ್ಲಿ ರ‍್ಯಾಡಿಕಲ್‌ಗಳ ಅಳತೆ: ಬೆಳಕು ಸೂಸುವ ಸೂಚಕಗಳು

ಗೋಕಾಕ ತಾಲ್ಲೂಕಿನ ಅಂಕಲಗಿ ಭಾಗದಲ್ಲಿಯೂ ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿಯೂ ಕಬ್ಬು ಮತ್ತು ಗೋವಿನ ಜೋಳ ಮುಖ್ಯ ಬೆಳೆಗಳಾಗಿವೆ. ಈ ಎರಡೂ ಬೆಳೆಗಳಲ್ಲಿ ಕಳೆಗಳ ಹತೋಟಿಗೆ ಅಟ್ರಜಿನ್ ಬಳಸುವುದು ರೂಢಿಯಲ್ಲಿದೆ. ಅಟ್ರಜಿನ್ ಮಣ್ಣಿನ ಕಣಗಳಿಗೆ ಗಟ್ಟಿಯಾಗಿ ಅಂಟಿಕೊಳ್ಳುವ ಔಷಧಿಯಲ್ಲ. ಮಳೆಯ ನೀರಿನೊಡನೆ ಅಥವಾ ಹಾಯಿಸಿದ ನೀರಿನೊಡನೆ ಕೆಳಗಿಳಿದು ಬಾವಿ ಸೇರುವ ಗುಣ ಅದಕ್ಕಿದೆ. ಕುಡಿಯುವ ನೀರಿನ ಭಾರತೀಯ ಮಾನಕವಾದ ಐ.ಎಸ್. 10500 (2012) ಪ್ರಕಾರ ಒಂದು ಲೀಟರ್ ನೀರಿನಲ್ಲಿ ಅಟ್ರಜಿನ್ 2 ಮೈಕ್ರೋಗ್ರಾಂ ಮೀರಬಾರದು. ಅಂದರೆ ಒಂದು ಸಾವಿರ ಲೀಟರಿನ ಟಾಕಿಯಲ್ಲಿ 2 ಮಿಲಿಗ್ರಾಂ. ಇದು ಒಂದು ರಾಗಿ ಕಾಳಿನ ತೂಕಕ್ಕಿಂತ ಕಡಿಮೆ. ಇಷ್ಟು ಅಲ್ಪ ಪ್ರಮಾಣದ ಔಷಧಿ ಕಣ್ಣಿಗೆ ಕಾಣದು, ನಾಲಿಗೆಗೂ ತಿಳಿಯದು.

ಇಂಥ ಔಷಧಿಯ ಅಂಶವನ್ನು ನೀರಿನಲ್ಲಿಯೇ ಒಡೆದು ನಾಶ ಮಾಡುವ ವಿಧಾನಗಳು ಬಳಕೆಗೆ ಬಂದಿವೆ. ಓಜೋನ್ ಅನಿಲ, ಅತಿನೇರಳೆ (ಯು.ವಿ.) ದೀಪ, ಹೈಡ್ರೋಜನ್ ಪೆರಾಕ್ಸೈಡ್, ಕಬ್ಬಿಣದ ಲವಣ ಮುಂತಾದವುಗಳನ್ನು ಒಂಟಿಯಾಗಿ ಅಥವಾ ಜೊತೆಗೂಡಿಸಿ ಬಳಸುವ ಈ ವಿಧಾನಗಳಲ್ಲಿ ಕೆಲಸ ಮಾಡುವುದು ‘ಹೈಡ್ರಾಕ್ಸಿಲ್ ರ‍್ಯಾಡಿಕಲ್’ ಎಂಬ ಅತ್ಯಂತ ಚುರುಕಾದ ಕಣ. ಯಂತ್ರ ತೋರಿಸುವಾಗ ಸ್ವಚ್ಛ ನೀರಿಗೆ ಬಣ್ಣ ಹಾಕಿ ಅದು ಮಾಯವಾಗುವುದನ್ನು ತೋರಿಸುವುದು ಸುಲಭ. ಅದೇ ಯಂತ್ರ ನಮ್ಮ ಕೊಳವೆ ಬಾವಿಯ ನೀರಿನಲ್ಲಿ ಎಷ್ಟು ಕೆಲಸ ಮಾಡೀತು? ಇದಕ್ಕೆ ಉತ್ತರ ಬೇಕಾದರೆ ರ‍್ಯಾಡಿಕಲ್‌ಗಳನ್ನು ನಮ್ಮ ನೀರಿನಲ್ಲಿಯೇ ಅಳೆಯಬೇಕು. ಬೆಳಕು ಸೂಸುವ ಸೂಚಕ ರಾಸಾಯನಿಕಗಳ ಸಹಾಯದಿಂದ ಈ ಅಳತೆಯನ್ನು ಹೇಗೆ ಮಾಡಲಾಗುತ್ತದೆ, ಅದರಿಂದ ರೈತರು ತಿಳಿಯಬೇಕಾದುದೇನು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ರ‍್ಯಾಡಿಕಲ್ ಎಂದರೇನು?

ಸಾಮಾನ್ಯವಾಗಿ ಅಣುಗಳಲ್ಲಿ ಎಲೆಕ್ಟ್ರಾನುಗಳು ಜೋಡಿ ಜೋಡಿಯಾಗಿರುತ್ತವೆ. ಒಂದು ಎಲೆಕ್ಟ್ರಾನು ಜೋಡಿಯಿಲ್ಲದೆ ಒಂಟಿಯಾಗಿ ಉಳಿದರೆ ಅಂಥ ಕಣಕ್ಕೆ ರ‍್ಯಾಡಿಕಲ್ ಎನ್ನುತ್ತಾರೆ. ಒಂದು ಆಮ್ಲಜನಕ ಪರಮಾಣು ಮತ್ತು ಒಂದು ಜಲಜನಕ ಪರಮಾಣು ಸೇರಿ ಆದ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಇವುಗಳಲ್ಲಿ ಬಹಳ ಪ್ರಬಲವಾದುದು. ಹತ್ತಿರ ಸಿಕ್ಕ ಯಾವುದೇ ವಸ್ತುವಿನಿಂದ ಎಲೆಕ್ಟ್ರಾನನ್ನೋ ಜಲಜನಕವನ್ನೋ ಕಿತ್ತುಕೊಂಡು ತಾನು ಶಾಂತವಾಗುತ್ತದೆ. ಉತ್ಕರ್ಷಣ ಶಕ್ತಿಯನ್ನು ವೋಲ್ಟುಗಳಲ್ಲಿ ಹೇಳುವುದಾದರೆ ಕ್ಲೋರಿನ್‌ಗೆ 1.36, ಓಜೋನ್‌ಗೆ 2.07, ಹೈಡ್ರಾಕ್ಸಿಲ್ ರ‍್ಯಾಡಿಕಲ್‌ಗೆ ಸುಮಾರು 2.8. ಬ್ಲೀಚಿಂಗ್ ಪುಡಿಗೆ ಬಗ್ಗದ ಎಷ್ಟೋ ಔಷಧಿಗಳನ್ನು ಇದು ಒಡೆಯಬಲ್ಲದು.

ಆದರೆ ಇದಕ್ಕೆ ಆಯ್ಕೆಯೆಂಬುದಿಲ್ಲ. ಹಸಿದ ದನವನ್ನು ಹೊಲಕ್ಕೆ ಬಿಟ್ಟರೆ ಅದು ಕಳೆಯನ್ನಷ್ಟೇ ಹುಡುಕಿ ತಿನ್ನುವುದಿಲ್ಲ, ಬಾಯಿಗೆ ಮೊದಲು ಸಿಕ್ಕ ಹಸಿರನ್ನು ಮೇಯುತ್ತದೆ. ಹೈಡ್ರಾಕ್ಸಿಲ್ ರ‍್ಯಾಡಿಕಲ್ ಸಹ ಹಾಗೆಯೇ. ನೀರಿನಲ್ಲಿ ಅಟ್ರಜಿನ್‌ಗಿಂತ ಹೆಚ್ಚಾಗಿ ಬೇರೆ ಏನಿದೆಯೋ ಅದನ್ನು ಮೊದಲು ಹಿಡಿಯುತ್ತದೆ. ಈ ವಿಷಯವನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ರ‍್ಯಾಡಿಕಲ್ ಉಂಟುಮಾಡುವ ವಿಧಾನಗಳು

1. ಫೆಂಟನ್ ವಿಧಾನ: ಕಬ್ಬಿಣದ ಲವಣ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಸೇರಿದರೆ ಪ್ರಬಲ ಉತ್ಕರ್ಷಣ ನಡೆಯುತ್ತದೆಂದು ಇಂಗ್ಲೆಂಡಿನ ರಸಾಯನ ವಿಜ್ಞಾನಿ ಫೆಂಟನ್ 1894ರಲ್ಲಿ ಪ್ರಕಟಿಸಿದರು. ಇದಕ್ಕೆ ಕಾರಣ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎಂಬ ವಿವರಣೆಯನ್ನು ಹೇಬರ್ ಮತ್ತು ವೈಸ್ 1934ರಲ್ಲಿ ಕೊಟ್ಟರು. ನೀರಿನ ರಸಸಾರ 3ರ ಸುಮಾರಿಗೆ ಇದ್ದಾಗ ಈ ವಿಧಾನ ಚೆನ್ನಾಗಿ ನಡೆಯುತ್ತದೆ. ನಮ್ಮ ರಾಜ್ಯದ ಸುರತ್ಕಲ್‌ನಲ್ಲಿರುವ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಲ್ಲಿ ಜಂಬಿಟ್ಟಿಗೆ ಕಲ್ಲಿನ ಕಬ್ಬಿಣದಿಂದ ಸೂಕ್ಷ್ಮ ಕಣಗಳನ್ನು ತಯಾರಿಸಿ, ಫೆಂಟನ್ ಮಾದರಿಯ ಕ್ರಿಯೆಯಿಂದ ಅಮೆಟ್ರಿನ್ ಕಳೆನಾಶಕವನ್ನು ನೀರಿನಲ್ಲಿ ಒಡೆಯುವ ಸಂಶೋಧನೆ ನಡೆದು 2017ರಲ್ಲಿ ಪ್ರಕಟವಾಗಿದೆ. ಅಮೆಟ್ರಿನ್ ಸಹ ಕಬ್ಬಿನಲ್ಲಿ ಬಳಸುವ ಕಳೆನಾಶಕವೇ ಆಗಿದ್ದು, ಅಟ್ರಜಿನ್ ಗುಂಪಿಗೇ ಸೇರಿದೆ.

2. ಅತಿನೇರಳೆ ದೀಪ ಮತ್ತು ಪೆರಾಕ್ಸೈಡ್: ದೀಪದ ಬೆಳಕು ಪೆರಾಕ್ಸೈಡ್ ಅಣುವನ್ನು ಎರಡು ಹೈಡ್ರಾಕ್ಸಿಲ್ ರ‍್ಯಾಡಿಕಲ್‌ಗಳಾಗಿ ಸೀಳುತ್ತದೆ. ನೆದರ್ಲೆಂಡ್ಸ್ ದೇಶದ ಆಂಡೈಕ್ ಎಂಬಲ್ಲಿನ ಕುಡಿಯುವ ನೀರಿನ ಘಟಕದಲ್ಲಿ ಕೀಟನಾಶಕ, ಕಳೆನಾಶಕಗಳ ಅಂಶ ತೆಗೆಯಲು 2004ರಲ್ಲಿ ಈ ವಿಧಾನವನ್ನು ಅಳವಡಿಸಲಾಯಿತು. ಅಲ್ಲಿ ಲೀಟರಿಗೆ 6 ಮಿ.ಗ್ರಾಂ ಪೆರಾಕ್ಸೈಡ್ ಸೇರಿಸಿ, ಪ್ರತಿ ಚದರ ಸೆಂಟಿಮೀಟರಿಗೆ 540 ಮಿಲಿಜೂಲ್ ಅತಿನೇರಳೆ ಬೆಳಕು ಕೊಟ್ಟು, ಆಮೇಲೆ ನೀರನ್ನು ಇದ್ದಿಲಿನ ಪದರಗಳ ಮೂಲಕ ಹಾಯಿಸುವ ಏರ್ಪಾಡು ಮಾಡಲಾಯಿತು. ಬರೀ ರೋಗಾಣು ಕೊಲ್ಲಲು ಸಾಮಾನ್ಯವಾಗಿ ಕೊಡುವ ಪ್ರಮಾಣ 40 ಮಿಲಿಜೂಲ್. ಆದ್ದರಿಂದ ಮನೆಯ ಗೋಡೆಗೆ ತೂಗುಹಾಕುವ ಸಾಮಾನ್ಯ ಯು.ವಿ. ಶುದ್ಧಕದಿಂದ ರೋಗಾಣು ಸಾಯುತ್ತವೆಯೇ ಹೊರತು ಕಳೆನಾಶಕ ಹೋಗುತ್ತದೆಂದು ನಂಬಬಾರದು.

3. ಓಜೋನ್: ನೀರಿನಲ್ಲಿ ಕರಗಿದ ಓಜೋನ್ ಒಡೆಯುವಾಗ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಉಂಟಾಗುತ್ತದೆ. ಪೆರಾಕ್ಸೈಡ್ ಸೇರಿಸಿದರೆ ಈ ಕ್ರಿಯೆ ಚುರುಕಾಗುತ್ತದೆ.

4. ಬೆಳಕಿನ ವೇಗವರ್ಧಕ: ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿಯ ಮೇಲೆ ಅತಿನೇರಳೆ ಬೆಳಕು ಬಿದ್ದಾಗಲೂ ರ‍್ಯಾಡಿಕಲ್ ಹುಟ್ಟುತ್ತದೆ.

ಕಾಣದ ಕಣವನ್ನು ಅಳೆಯುವ ಬಗೆ

ಹೈಡ್ರಾಕ್ಸಿಲ್ ರ‍್ಯಾಡಿಕಲ್‌ನ ಆಯುಸ್ಸು ಅತ್ಯಲ್ಪ. ಸಾಮಾನ್ಯ ಬಾವಿ ನೀರಿನಲ್ಲಿ ಒಂದು ಸೆಕೆಂಡಿನ ಸುಮಾರು ಲಕ್ಷದಲ್ಲೊಂದು ಪಾಲಿನೊಳಗೆ ಅದು ಹುಟ್ಟಿ ಮುಗಿದುಹೋಗುತ್ತದೆ. ನೀರನ್ನು ಶೀಷೆಯಲ್ಲಿ ತುಂಬಿ ಪ್ರಯೋಗಾಲಯಕ್ಕೆ ಒಯ್ಯುವಷ್ಟರಲ್ಲಿ ಒಂದೂ ಉಳಿದಿರುವುದಿಲ್ಲ. ರಾತ್ರಿ ಹೊಲಕ್ಕೆ ಬಂದು ಹೋದ ಹಂದಿಯನ್ನು ನಾವು ಕಾಣದಿದ್ದರೂ ಬೆಳಿಗ್ಗೆ ಹೆಜ್ಜೆ ಗುರುತು ಎಣಿಸುತ್ತೇವೆ. ಇಲ್ಲಿಯೂ ಅದೇ ಉಪಾಯ. ರ‍್ಯಾಡಿಕಲ್ ತಗುಲಿದರೆ ಬೆಳಕು ಸೂಸುವ ಹೊಸ ವಸ್ತುವಾಗಿ ಮಾರ್ಪಡುವ ರಾಸಾಯನಿಕವನ್ನು ಮೊದಲೇ ನೀರಿಗೆ ಸೇರಿಸಿಡುತ್ತಾರೆ. ಇದಕ್ಕೆ ಸೂಚಕ ಎನ್ನೋಣ. ರ‍್ಯಾಡಿಕಲ್ ಮಾಯವಾದರೂ ಹೊಸ ವಸ್ತು ಉಳಿಯುತ್ತದೆ. ಅದರ ಬೆಳಕನ್ನು ಅಳೆದರೆ ಎಷ್ಟು ರ‍್ಯಾಡಿಕಲ್‌ಗಳು ಸೂಚಕಕ್ಕೆ ತಗುಲಿದವೆಂಬುದು ತಿಳಿಯುತ್ತದೆ.

ಈ ಸೂಚಕಗಳಲ್ಲಿ ಎರಡು ಬಗೆ.

ಅ) ಬೆಳಕು ಬಿಟ್ಟಾಗ ಹೊಳೆಯುವ ಸೂಚಕಗಳು: ಟೆರೆಫ್ತಾಲಿಕ್ ಆಮ್ಲ ಈ ಗುಂಪಿನಲ್ಲಿ ಹೆಚ್ಚು ಬಳಕೆಯಲ್ಲಿದೆ. ಇದು ತಾನಾಗಿ ಹೊಳೆಯುವುದಿಲ್ಲ. ಹೈಡ್ರಾಕ್ಸಿಲ್ ರ‍್ಯಾಡಿಕಲ್ ತಗುಲಿದರೆ ಹೈಡ್ರಾಕ್ಸಿ ಟೆರೆಫ್ತಾಲಿಕ್ ಆಮ್ಲವಾಗುತ್ತದೆ. ಅದಕ್ಕೆ 315 ನ್ಯಾನೋಮೀಟರ್ ಅಲೆಯುದ್ದದ ಬೆಳಕು ಬಿಟ್ಟರೆ ಸುಮಾರು 425 ನ್ಯಾನೋಮೀಟರಿನ ನೀಲಿ ಬೆಳಕು ಹೊರಬರುತ್ತದೆ. ತಗುಲಿದ ಪ್ರತಿ 100 ರ‍್ಯಾಡಿಕಲ್‌ಗಳಲ್ಲಿ ಸುಮಾರು 35 ಮಾತ್ರ ಈ ಹೊಳೆಯುವ ವಸ್ತುವನ್ನು ಕೊಡುತ್ತವೆ. ಲೆಕ್ಕ ಹಾಕುವಾಗ ಇದನ್ನು ಗಮನಿಸಬೇಕು. ಕೌಮರಿನ್ ಎಂಬುದು ಇನ್ನೊಂದು ಸೂಚಕ. ಅದರಿಂದ ಬರುವ ಹೊಳೆಯುವ ವಸ್ತುವಿನ ಪಾಲು ಇನ್ನೂ ಕಡಿಮೆ.

ಆ) ತಾವೇ ಬೆಳಕು ಸೂಸುವ ಸೂಚಕಗಳು: ಮಿಂಚುಹುಳ ಹೊರಗಿನ ಬೆಳಕಿಲ್ಲದೆ, ತನ್ನ ಮೈಯೊಳಗಿನ ರಾಸಾಯನಿಕ ಕ್ರಿಯೆಯಿಂದಲೇ ಹೊಳೆಯುತ್ತದೆ. ಲ್ಯೂಮಿನಾಲ್ ಎಂಬ ವಸ್ತು ಕ್ಷಾರ ದ್ರಾವಣದಲ್ಲಿ ಉತ್ಕರ್ಷಣಗೊಂಡಾಗ ಇದೇ ರೀತಿ ನೀಲಿ ಬೆಳಕು ಬಿಡುತ್ತದೆ. ಇದರ ಹೊಳಪನ್ನು ಆಲ್ಬ್ರೆಕ್ಟ್ ಎಂಬ ವಿಜ್ಞಾನಿ 1928ರಲ್ಲಿ ವರ್ಣಿಸಿದರು. ಅತಿ ಸೂಕ್ಷ್ಮ ಪ್ರಮಾಣವನ್ನೂ ಇದು ತೋರಿಸುತ್ತದೆ. ಆದರೆ ಬ್ಲೀಚಿಂಗ್ ಪುಡಿ, ಪೆರಾಕ್ಸೈಡ್ ಜೊತೆಗಿನ ಕಬ್ಬಿಣ ಅಥವಾ ತಾಮ್ರ, ರಕ್ತದ ಅಂಶ ಇವೆಲ್ಲವುಗಳಿಂದಲೂ ಇದು ಹೊಳೆಯುತ್ತದೆ. ಆದ್ದರಿಂದ ಲ್ಯೂಮಿನಾಲ್ ಹೊಳೆದ ಮಾತ್ರಕ್ಕೆ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಇದೆಯೆಂದು ಹೇಳಲಾಗದು. ಇದೇ ಕುಟುಂಬದ ಥ್ಯಾಲ್‌ಹೈಡ್ರಾಜೈಡ್ ಎಂಬುದು ಮೊದಲು ಹೈಡ್ರಾಕ್ಸಿಲ್ ರ‍್ಯಾಡಿಕಲ್‌ನೊಡನೆ ಕೂಡಿ, ಅನಂತರವಷ್ಟೇ ಬೆಳಕು ಕೊಡುವುದರಿಂದ ಹೆಚ್ಚು ನಂಬಿಕೆಗೆ ಅರ್ಹ. ಆದರೆ ಅದರ ಪರೀಕ್ಷೆಗೆ ವಿಶೇಷ ಉಪಕರಣ ಬೇಕು.

ಸಾಮಾನ್ಯ ಪ್ರಯೋಗಾಲಯಕ್ಕೆ ಟೆರೆಫ್ತಾಲಿಕ್ ಆಮ್ಲದ ವಿಧಾನವೇ ಅನುಕೂಲ. ಹೊಳಪನ್ನು ಅಳೆಯುವ ಫ್ಲೋರಿಮೀಟರ್ ಉಪಕರಣವಿದ್ದರೆ ಸಾಕು.

ನಮ್ಮ ನೀರಿನ ಲೆಕ್ಕ

ಮಣ್ಣು ಮತ್ತು ನೀರು ಪರೀಕ್ಷೆಯ ವರದಿಯಲ್ಲಿ ಬೈಕಾರ್ಬೊನೇಟ್ ಎಂಬ ಕಾಲಂ ಇರುವುದು ರೈತರಿಗೆ ಗೊತ್ತು. ಉಳಿಕೆ ಸೋಡಿಯಂ ಕಾರ್ಬೊನೇಟ್ ಲೆಕ್ಕ ಹಾಕಲು ಈ ಅಂಕಿಯನ್ನು ಬಳಸಲಾಗುತ್ತದೆ. ಉಳಿಕೆ ಸೋಡಿಯಂ ಕಾರ್ಬೊನೇಟ್ ಲೀಟರಿಗೆ 1.25 ಮಿಲಿ ಈಕ್ವಿವಲೆಂಟಿಗಿಂತ ಕಡಿಮೆಯಿದ್ದರೆ ನೀರು ಬೆಳೆಗೆ ಯೋಗ್ಯ, 2.5 ಮೀರಿದರೆ ಅಯೋಗ್ಯ ಎಂಬುದು ಪರಿಚಿತ ನಿಯಮ. ಇದೇ ಬೈಕಾರ್ಬೊನೇಟ್ ಹೈಡ್ರಾಕ್ಸಿಲ್ ರ‍್ಯಾಡಿಕಲ್‌ಗಳನ್ನೂ ಕಬಳಿಸುತ್ತದೆ. ಕಪ್ಪು ಭೂಮಿಯ ಕೊಳವೆ ಬಾವಿಗಳ ನೀರಿನಲ್ಲಿ ಬೈಕಾರ್ಬೊನೇಟ್ ಹೆಚ್ಚಾಗಿರುವುದು ಸಾಮಾನ್ಯವಾದ್ದರಿಂದ ನಮ್ಮ ಭಾಗಕ್ಕೆ ಇದು ಮುಖ್ಯ ವಿಷಯ.

ಪ್ರತಿಯೊಂದು ವಸ್ತುವೂ ರ‍್ಯಾಡಿಕಲ್‌ಗಳನ್ನು ಎಷ್ಟು ಬಲವಾಗಿ ಸೆಳೆಯುತ್ತದೆಂಬುದನ್ನು ವಿಜ್ಞಾನಿಗಳು ಅಳೆದಿದ್ದಾರೆ. ಲೆಕ್ಕಕ್ಕೆ ಸುಲಭವಾಗುವಂತೆ ಅದನ್ನು ‘ಸೆಳೆತದ ಅಂಕ’ವಾಗಿ ಇಲ್ಲಿ ಕೊಟ್ಟಿದೆ. ಎಲ್ಲವೂ ಒಂದು ಲೀಟರ್ ನೀರಿಗೆ ಅನ್ವಯಿಸುತ್ತವೆ.

ಬೈಕಾರ್ಬೊನೇಟ್, ಪ್ರತಿ 1 ಮಿಲಿ ಈಕ್ವಿವಲೆಂಟಿಗೆ (61 ಮಿ.ಗ್ರಾಂ): 8,500
ಕರಗಿದ ಸಾವಯವ ಇಂಗಾಲ, ಪ್ರತಿ 1 ಮಿ.ಗ್ರಾಂಗೆ: ಸುಮಾರು 25,000
ಹೈಡ್ರೋಜನ್ ಪೆರಾಕ್ಸೈಡ್, ಪ್ರತಿ 1 ಮಿ.ಗ್ರಾಂಗೆ: ಸುಮಾರು 800
ಅಟ್ರಜಿನ್, ಪ್ರತಿ 1 ಮೈಕ್ರೋಗ್ರಾಂಗೆ: ಸುಮಾರು 14

ಒಂದು ಉದಾಹರಣೆ ನೋಡೋಣ. ಕೊಳವೆ ಬಾವಿಯ ನೀರಿನಲ್ಲಿ ಬೈಕಾರ್ಬೊನೇಟ್ 6.5 ಮಿಲಿ ಈಕ್ವಿವಲೆಂಟ್ (ಸುಮಾರು 400 ಮಿ.ಗ್ರಾಂ), ಸಾವಯವ ಇಂಗಾಲ 2 ಮಿ.ಗ್ರಾಂ, ಅಟ್ರಜಿನ್ 2 ಮೈಕ್ರೋಗ್ರಾಂ ಇದೆಯೆಂದುಕೊಳ್ಳಿರಿ. ಬೈಕಾರ್ಬೊನೇಟಿನ ಅಂಕ 55,250, ಇಂಗಾಲದ ಅಂಕ 50,000, ಅಟ್ರಜಿನ್ ಅಂಕ ಕೇವಲ 28. ಒಟ್ಟು 1,05,278. ಹುಟ್ಟಿದ ಒಂದು ಲಕ್ಷ ರ‍್ಯಾಡಿಕಲ್‌ಗಳಲ್ಲಿ ಅಟ್ರಜಿನ್ ಪಾಲಿಗೆ ಬರುವುದು ಸುಮಾರು 27 ಮಾತ್ರ. ಉಳಿದವೆಲ್ಲ ಬೇರೆಡೆ ವ್ಯಯವಾಗುತ್ತವೆ. ನೀರಿನ ಗುಣಕ್ಕೆ ತಕ್ಕಂತೆ ಈ ಪಾಲು ಹೇಗೆ ಬದಲಾಗುತ್ತದೆಂಬುದನ್ನು ಕೆಳಗಿನ ಕೋಷ್ಟಕದಲ್ಲಿ ಕಾಣಬಹುದು. ಇವು ಲೆಕ್ಕದಿಂದ ಬಂದ ಅಂಕಿಗಳು. ಎಲ್ಲ ಸಾಲುಗಳಲ್ಲಿಯೂ ಅಟ್ರಜಿನ್ 2 ಮೈಕ್ರೋಗ್ರಾಂ ಇದೆಯೆಂದು ಇಟ್ಟುಕೊಂಡಿದೆ.

| ಬೈಕಾರ್ಬೊನೇಟ್ (ಮಿಲಿ ಈಕ್ವಿವಲೆಂಟ್) | ಸಾವಯವ ಇಂಗಾಲ (ಮಿ.ಗ್ರಾಂ) | ಒಂದು ಲಕ್ಷದಲ್ಲಿ ಅಟ್ರಜಿನ್‌ಗೆ ತಗುಲುವ ರ‍್ಯಾಡಿಕಲ್‌ಗಳು |
|---|---|---|
| 1 | 2 | 48 |
| 3 | 2 | 37 |
| 6.5 | 2 | 27 |
| 10 | 2 | 21 |
| 3 | 5 | 19 |

ಕೊನೆಯ ಸಾಲನ್ನು ವಿಶೇಷವಾಗಿ ಗಮನಿಸಬೇಕು. ಬೈಕಾರ್ಬೊನೇಟ್ ಕಡಿಮೆಯಿದ್ದರೂ ಎಲೆ, ಕಸ, ಗೊಬ್ಬರದ ರಸ ಬೆರೆತ ಕಾಲುವೆ ಅಥವಾ ಕೆರೆಯ ನೀರಿನಲ್ಲಿ ರ‍್ಯಾಡಿಕಲ್‌ಗಳ ಪೋಲು ಹೆಚ್ಚು. ನೀರು ತಿಳಿಯಾಗಿ ಕಂಡರೂ ಕರಗಿದ ಇಂಗಾಲ ಅದರಲ್ಲಿರಬಹುದು.

ಇದರ ಅರ್ಥ ಈ ವಿಧಾನವೇ ನಿರರ್ಥಕವೆಂದಲ್ಲ. ಸಾಕಷ್ಟು ರ‍್ಯಾಡಿಕಲ್‌ಗಳನ್ನು ಸಾಕಷ್ಟು ಹೊತ್ತು ಒದಗಿಸಿದರೆ ಅಟ್ರಜಿನ್ ಕಡಿಮೆಯಾಗಿಯೇ ಆಗುತ್ತದೆ. ಬಟ್ಟಿ ಇಳಿಸಿದ ನೀರಿನಲ್ಲಿ ಸಾಕಾಗುವ ದೀಪ, ಪೆರಾಕ್ಸೈಡ್ ಮತ್ತು ವಿದ್ಯುತ್ತಿನ ಪ್ರಮಾಣ ನಮ್ಮ ನೀರಿಗೆ ಸಾಲದು ಎಂಬುದೇ ಇಲ್ಲಿ ತಿಳಿಯಬೇಕಾದ ಅಂಶ. ಪ್ರದರ್ಶನಕ್ಕಾಗಿ ಬಟ್ಟಿ ನೀರಿಗೆ ಲೀಟರಿಗೆ 2 ಮಿ.ಗ್ರಾಂ ಅಟ್ರಜಿನ್ ಹಾಕಿದರೆ ಅದರ ಅಂಕ 28,000 ಆಗುತ್ತದೆ, ಎದುರಾಳಿ ಇರುವುದೇ ಇಲ್ಲ. ಆ ಫಲಿತಾಂಶವನ್ನು ಬಾವಿ ನೀರಿಗೆ ಅನ್ವಯಿಸಿ ಹಣ ಹೂಡಿದರೆ ನಷ್ಟ ರೈತನದೇ.

ಪೆರಾಕ್ಸೈಡನ್ನು ಹೆಚ್ಚು ಸುರಿದರೆ ಫಲ ಹೆಚ್ಚುವುದೆಂಬುದೂ ಸರಿಯಲ್ಲ. ಲೀಟರಿಗೆ 100 ಮಿ.ಗ್ರಾಂ ಹಾಕಿದರೆ ಪೆರಾಕ್ಸೈಡಿನ ಅಂಕವೇ 80,000 ಆಗಿ, ಹುಟ್ಟಿದ ರ‍್ಯಾಡಿಕಲ್‌ಗಳನ್ನು ಅದೇ ನುಂಗತೊಡಗುತ್ತದೆ.

ಪರೀಕ್ಷೆ ಮಾಡುವ ಕ್ರಮ

ಈ ಪರೀಕ್ಷೆಯನ್ನು ಪ್ರಯೋಗಾಲಯದಲ್ಲಿ ತರಬೇತಿ ಪಡೆದವರೇ ಮಾಡಬೇಕು. ದೀಪ ಮತ್ತು ಪೆರಾಕ್ಸೈಡ್ ಬಳಸುವ ಯಂತ್ರಕ್ಕೆ ಹೊಂದುವ ಕ್ರಮವನ್ನು ವಿಸ್ತರಣಾ ಕಾರ್ಯಕರ್ತರ ತಿಳಿವಳಿಕೆಗಾಗಿ ಇಲ್ಲಿ ಕೊಟ್ಟಿದೆ.

1. ಟೆರೆಫ್ತಾಲಿಕ್ ಆಮ್ಲ ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಅದರ ಡೈಸೋಡಿಯಂ ಲವಣ ಕರಗುತ್ತದೆ. ಈ ಲವಣ 105 ಮಿ.ಗ್ರಾಂ ತೂಗಿ ಒಂದು ಲೀಟರ್ ಬಟ್ಟಿ ನೀರಿನಲ್ಲಿ ಕರಗಿಸಬೇಕು. ಇದು ಮೂಲ ದ್ರಾವಣ.

2. ಪರೀಕ್ಷಿಸುವ ಪ್ರತಿ ಲೀಟರ್ ನೀರಿಗೆ ಈ ದ್ರಾವಣದ 2 ಮಿ.ಲೀ. ಸೇರಿಸಬೇಕು. ಇದರ ಸೆಳೆತದ ಅಂಕ ಸುಮಾರು 4,400.

3. ಶೇಕಡಾ 30ರ ಹೈಡ್ರೋಜನ್ ಪೆರಾಕ್ಸೈಡ್ 3 ಮಿ.ಲೀ.ಯನ್ನು ಒಂದು ಲೀಟರಿಗೆ ತೆಳುಮಾಡಿ, ಅದರ 10 ಮಿ.ಲೀ.ಯನ್ನು ಪ್ರತಿ ಲೀಟರ್ ನೀರಿಗೆ ಹಾಕಿದರೆ ಲೀಟರಿಗೆ 10 ಮಿ.ಗ್ರಾಂ ಆಗುತ್ತದೆ.

4. ಈ ಕೆಳಗಿನ ಐದು ಪಾತ್ರೆಗಳನ್ನು ಸಿದ್ಧಪಡಿಸಬೇಕು. ಎಲ್ಲದರಲ್ಲಿಯೂ ಸೂಚಕ ಇರಬೇಕು.

ಒಂದನೆಯದು: ಬಟ್ಟಿ ನೀರು, ಪೆರಾಕ್ಸೈಡ್, ದೀಪ.
ಎರಡನೆಯದು: ಬಾವಿ ನೀರು, ಪೆರಾಕ್ಸೈಡ್, ದೀಪ.
ಮೂರನೆಯದು: ಬಾವಿ ನೀರು, ದೀಪ ಮಾತ್ರ.
ನಾಲ್ಕನೆಯದು: ಬಾವಿ ನೀರು, ಪೆರಾಕ್ಸೈಡ್, ಕತ್ತಲೆಯಲ್ಲಿ.
ಐದನೆಯದು: ಎರಡನೆಯದರಂತೆಯೇ, ಜೊತೆಗೆ ಲೀಟರಿಗೆ 1 ಮಿ.ಲೀ. ಟರ್ಶಿಯರಿ ಬ್ಯೂಟೈಲ್ ಆಲ್ಕೋಹಾಲ್.

5. ದೀಪ ಹಚ್ಚುವ ಮುನ್ನ ಒಮ್ಮೆ, ಆಮೇಲೆ 1, 2, 3 ಮತ್ತು 5 ನಿಮಿಷಗಳಿಗೆ ಒಮ್ಮೊಮ್ಮೆ ಮಾದರಿ ತೆಗೆದು ಕಪ್ಪು ಶೀಷೆಯಲ್ಲಿಟ್ಟು ಫ್ಲೋರಿಮೀಟರಿನಲ್ಲಿ ಹೊಳಪನ್ನು ಅಳೆಯಬೇಕು.

6. ಪ್ರಮಾಣ ಗೊತ್ತಿರುವ ಹೈಡ್ರಾಕ್ಸಿ ಟೆರೆಫ್ತಾಲಿಕ್ ಆಮ್ಲವನ್ನು ಬಟ್ಟಿ ನೀರಿನಲ್ಲಿಯೂ ಬಾವಿ ನೀರಿನಲ್ಲಿಯೂ ಬೇರೆ ಬೇರೆಯಾಗಿ ಕರಗಿಸಿ ಹೊಳಪಿನ ಮಾಪನ ರೇಖೆ ತಯಾರಿಸಿಕೊಳ್ಳಬೇಕು.

ಫಲಿತಾಂಶವನ್ನು ಓದುವುದು ಹೀಗೆ. ಐದನೆಯ ಪಾತ್ರೆಯಲ್ಲಿ ಆಲ್ಕೋಹಾಲ್ ಹೆಚ್ಚುಕಡಿಮೆ ಎಲ್ಲ ಹೈಡ್ರಾಕ್ಸಿಲ್ ರ‍್ಯಾಡಿಕಲ್‌ಗಳನ್ನು ಹಿಡಿದುಬಿಡುತ್ತದೆ. ಅಲ್ಲಿ ಹೊಳಪು ಏರಬಾರದು. ಏರಿದರೆ ಆ ಹೊಳಪಿಗೆ ಕಾರಣ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಅಲ್ಲವೆಂದು ತಿಳಿಯಬೇಕು. ಮೂರನೆಯ ಮತ್ತು ನಾಲ್ಕನೆಯ ಪಾತ್ರೆಗಳಲ್ಲಿ ಹೊಳಪಿನ ಏರಿಕೆ ಬಹಳ ಕಡಿಮೆಯಿರಬೇಕು. ಒಂದನೆಯ ಮತ್ತು ಎರಡನೆಯ ಪಾತ್ರೆಗಳ ವ್ಯತ್ಯಾಸವೇ ನಮಗೆ ಬೇಕಾದ ಉತ್ತರ.

ಮೇಲಿನ ಉದಾಹರಣೆಯ ನೀರನ್ನೇ ತೆಗೆದುಕೊಂಡರೆ, ಬಟ್ಟಿ ನೀರಿನಲ್ಲಿ ಪೆರಾಕ್ಸೈಡಿನ 8,000 ಮತ್ತು ಸೂಚಕದ 4,400 ಸೇರಿ ಒಟ್ಟು ಅಂಕ 12,400. ನೂರು ರ‍್ಯಾಡಿಕಲ್‌ಗಳಲ್ಲಿ ಸುಮಾರು 35 ಸೂಚಕಕ್ಕೆ ತಗುಲುತ್ತವೆ. ಬಾವಿ ನೀರಿನಲ್ಲಿ ಒಟ್ಟು ಅಂಕ ಸುಮಾರು 1,17,650. ಅಲ್ಲಿ ನೂರರಲ್ಲಿ ತಗುಲುವುದು 4ಕ್ಕೂ ಕಡಿಮೆ. ಹೊಳಪು ಏರುವ ವೇಗ ಹೆಚ್ಚುಕಡಿಮೆ ಹತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಸೂಚಕಕ್ಕೆ ಆದ ಗತಿಯೇ ಅಟ್ರಜಿನ್‌ಗೂ ಆಗುತ್ತದೆ. ಈ ಒಂದು ಹೋಲಿಕೆ ಮಾರಾಟಗಾರನ ಎಲ್ಲ ಪತ್ರಕಗಳಿಗಿಂತ ಹೆಚ್ಚು ಬೆಲೆಯುಳ್ಳದ್ದು.

ಅಳತೆಯಲ್ಲಿ ತಪ್ಪಾಗುವ ಸಂದರ್ಭಗಳು

1. ಸೂಚಕದ ಪ್ರಮಾಣ ಹೆಚ್ಚಾಗಬಾರದು. ಟೈಟಾನಿಯಂ ಪುಡಿಯ ಪ್ರಯೋಗಗಳಲ್ಲಿ ಮೇಲೆ ಹೇಳಿದ ಮೂಲ ದ್ರಾವಣದಷ್ಟೇ ಸಾಂದ್ರವಾಗಿ ಸೂಚಕ ಬಳಸುವುದುಂಟು. ಆಗ ಹುಟ್ಟಿದ ರ‍್ಯಾಡಿಕಲ್‌ಗಳಲ್ಲಿ ಬಹುಪಾಲನ್ನು ಸೂಚಕವೇ ಹಿಡಿಯುವುದರಿಂದ ಬೈಕಾರ್ಬೊನೇಟಿನ ಅಡ್ಡಿ ಕಾಣುವುದೇ ಇಲ್ಲ. ಅಲ್ಲದೆ ರೋಗಾಣುನಾಶಕ ದೀಪದ 254 ನ್ಯಾನೋಮೀಟರ್ ಬೆಳಕನ್ನು ಸೂಚಕವೇ ಹೀರಿಕೊಂಡು ದೀಪಕ್ಕೆ ಪರದೆಯಾಗುತ್ತದೆ.

2. ಆಮ್ಲವನ್ನು ಕರಗಿಸಲು ಕಾಸ್ಟಿಕ್ ಸೋಡಾ ಸೇರಿಸಿದರೆ ರಸಸಾರ ಏರಿ ಬೈಕಾರ್ಬೊನೇಟು ಕಾರ್ಬೊನೇಟಾಗಿ ಬದಲಾಗುತ್ತದೆ. ಕಾರ್ಬೊನೇಟು ರ‍್ಯಾಡಿಕಲ್‌ಗಳನ್ನು 45 ಪಟ್ಟಿಗೂ ಹೆಚ್ಚು ಬಲವಾಗಿ ಸೆಳೆಯುತ್ತದೆ. ಆಗ ಅಳೆದದ್ದು ನಮ್ಮ ಬಾವಿಯ ನೀರಾಗಿ ಉಳಿಯುವುದಿಲ್ಲ. ಲವಣವನ್ನೇ ಬಳಸಬೇಕೆಂದು ಹೇಳಿದ್ದು ಇದಕ್ಕಾಗಿ.

3. ಕೊಳೆತ ಎಲೆ, ಗೊಬ್ಬರದ ರಸ ಬೆರೆತ ನೀರು ಸೂಚಕವಿಲ್ಲದೆಯೇ ಸ್ವಲ್ಪ ಹೊಳೆಯುತ್ತದೆ. ಅದಕ್ಕಾಗಿ ದೀಪ ಹಚ್ಚುವ ಮುನ್ನಿನ ಅಳತೆಯನ್ನು ಕಳೆಯಬೇಕು. ಕಂದು ಬಣ್ಣದ ನೀರು ಹೊಳಪನ್ನು ತಾನೇ ಹೀರಿ ಕಡಿಮೆ ತೋರಿಸುವುದೂ ಉಂಟು. ಬಾವಿ ನೀರಿನಲ್ಲಿಯೇ ಮಾಪನ ರೇಖೆ ತಯಾರಿಸಿದರೆ ಈ ದೋಷ ತಿಳಿಯುತ್ತದೆ.

4. ಬಹಳ ಹೊತ್ತು ಬಿಟ್ಟರೆ ಹೊಳೆಯುವ ವಸ್ತುವನ್ನೂ ರ‍್ಯಾಡಿಕಲ್‌ಗಳು ಒಡೆಯುತ್ತವೆ. ಮೊದಲ ನಿಮಿಷಗಳಲ್ಲಿ ಹೊಳಪು ನೇರ ಗೆರೆಯಂತೆ ಏರುವ ಭಾಗವನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕು.

5. ಬ್ಲೀಚಿಂಗ್ ಪುಡಿ ಹಾಕಿದ ನೀರನ್ನು ಪರೀಕ್ಷೆಗೆ ಕೊಡಬಾರದು. ಅತಿನೇರಳೆ ಬೆಳಕಿನಲ್ಲಿ ಕ್ಲೋರಿನ್ ಸಹ ರ‍್ಯಾಡಿಕಲ್‌ಗಳನ್ನು ಹುಟ್ಟಿಸುತ್ತದೆ.

ರ‍್ಯಾಡಿಕಲ್ ಇದ್ದ ಮಾತ್ರಕ್ಕೆ ನೀರು ಶುದ್ಧವಲ್ಲ

ರ‍್ಯಾಡಿಕಲ್‌ಗಳ ಅಳತೆ ಯಂತ್ರದ ಶಕ್ತಿಯನ್ನು ಹೇಳುತ್ತದೆ. ನೀರು ಕುಡಿಯಲು ಯೋಗ್ಯವೇ ಎಂಬುದನ್ನು ಹೇಳುವುದಿಲ್ಲ. ಅಟ್ರಜಿನ್ ಒಮ್ಮೆಲೇ ಇಂಗಾಲಾಮ್ಲವಾಗಿ ಮಾಯವಾಗುವುದಿಲ್ಲ. ಮೊದಲು ಅದರ ಪಕ್ಕದ ಕೊಂಡಿಗಳು ಕಳಚಿ ಡೀಈಥೈಲ್ ಅಟ್ರಜಿನ್‌ನಂಥ ವಸ್ತುಗಳಾಗುತ್ತವೆ. ಅಣುವಿನ ನಡುವಿನ ಉಂಗುರ ಕೊನೆಯವರೆಗೂ ಒಡೆಯದೆ ಉಳಿಯುತ್ತದೆ. ಆದ್ದರಿಂದ ಶುದ್ಧೀಕರಣದ ಮೊದಲು ಮತ್ತು ನಂತರ ನೀರಿನ ಮಾದರಿಗಳನ್ನು ಕ್ರೊಮೆಟೋಗ್ರಾಫಿ ಸೌಲಭ್ಯವುಳ್ಳ ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ಅಟ್ರಜಿನ್ ಮತ್ತು ಅದರ ಒಡೆದ ಅಂಶಗಳೆರಡನ್ನೂ ನೋಡಬೇಕು.

ಫೆಂಟನ್ ವಿಧಾನವನ್ನು ಮನೆಯಲ್ಲಿ ಪ್ರಯತ್ನಿಸಬಾರದು. ಬೈಕಾರ್ಬೊನೇಟ್ 6.5 ಮಿಲಿ ಈಕ್ವಿವಲೆಂಟ್ ಇರುವ ಒಂದು ಸಾವಿರ ಲೀಟರ್ ನೀರಿನ ಕ್ಷಾರತ್ವ ಕಳೆಯಲಿಕ್ಕೇ ಸುಮಾರು 320 ಗ್ರಾಂ ಶುದ್ಧ ಗಂಧಕಾಮ್ಲ ಬೇಕಾಗುತ್ತದೆ. ಕೊನೆಗೆ ಸುಣ್ಣ ಹಾಕಿ ಆಮ್ಲ ಕಳೆಯಬೇಕು, ಕಬ್ಬಿಣದ ಕೆಸರನ್ನು ಬೇರ್ಪಡಿಸಬೇಕು. ಇದು ತಜ್ಞರ ಮೇಲ್ವಿಚಾರಣೆಯ ಘಟಕಗಳಿಗೆ ತಕ್ಕ ಕೆಲಸ. ಅತಿನೇರಳೆ ದೀಪವನ್ನು ಬರಿಗಣ್ಣಿನಿಂದ ನೋಡುವುದೂ, ಸಾಂದ್ರ ಪೆರಾಕ್ಸೈಡನ್ನು ಬರಿಗೈಯಿಂದ ಮುಟ್ಟುವುದೂ ಅಪಾಯಕರ.

ಯಂತ್ರ ಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ಗ್ರಾಮ ಪಂಚಾಯಿತಿ, ಹಾಲು ಉತ್ಪಾದಕರ ಸಂಘ, ಶಾಲೆ ಅಥವಾ ರೈತರು ಇಂಥ ಯಂತ್ರ ಕೊಳ್ಳುವ ಮುನ್ನ ಮಾರಾಟಗಾರರನ್ನು ಈ ಪ್ರಶ್ನೆಗಳನ್ನು ಕೇಳಬೇಕು.

1. ಪರೀಕ್ಷೆ ನಡೆಸಿದ್ದು ಯಾವ ನೀರಿನಲ್ಲಿ? ಆ ನೀರಿನ ಬೈಕಾರ್ಬೊನೇಟ್ ಮತ್ತು ಸಾವಯವ ಇಂಗಾಲ ಎಷ್ಟಿತ್ತು?
2. ಔಷಧಿಯನ್ನು ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ ಹಾಕಿದ್ದರೋ, ಬಾವಿಗಳಲ್ಲಿ ಕಂಡುಬರುವಂತೆ ಮೈಕ್ರೋಗ್ರಾಂ ಲೆಕ್ಕದಲ್ಲೋ?
3. ರ‍್ಯಾಡಿಕಲ್ ಇರುವುದನ್ನು ಯಾವ ಸೂಚಕದಿಂದ ತೋರಿಸಿದರು? ಲ್ಯೂಮಿನಾಲ್ ಆಗಿದ್ದರೆ ಆಲ್ಕೋಹಾಲ್ ಹಾಕಿದಾಗ ಬೆಳಕು ಕುಂದಿತೇ?
4. ಉಳಿದ ಪೆರಾಕ್ಸೈಡನ್ನು ತೆಗೆಯುವ ವ್ಯವಸ್ಥೆ ಏನು?
5. ನಮ್ಮ ಬಾವಿಯ ನೀರನ್ನು ಒಯ್ದು, ನಮ್ಮೆದುರಿಗೆ ಪರೀಕ್ಷೆ ಮಾಡಿ ತೋರಿಸುವಿರಾ?

ಐದನೆಯ ಪ್ರಶ್ನೆಗೆ ಒಪ್ಪದಿದ್ದರೆ ವ್ಯವಹಾರ ಮುಂದುವರಿಸದಿರುವುದೇ ಲೇಸು.

ರೈತರು ಕೈಗೊಳ್ಳಬೇಕಾದ ಕ್ರಮಗಳು

ನೀರಿಗೆ ಸೇರಿದ ಔಷಧಿಯನ್ನು ತೆಗೆಯುವುದಕ್ಕಿಂತ ಸೇರದಂತೆ ನೋಡಿಕೊಳ್ಳುವುದು ಸುಲಭ ಹಾಗೂ ಅಗ್ಗ.

1. ಬಾವಿಯ ಬಳಿ, ಕಾಲುವೆಯ ದಂಡೆಯ ಮೇಲೆ ಔಷಧಿ ಬೆರೆಸಬಾರದು. ನೀರನ್ನು ಕೊಡದಲ್ಲಿ ಒಯ್ದು ಹೊಲದಲ್ಲಿ ಬೆರೆಸಬೇಕು.
2. ಸಿಂಪರಣೆಯ ಪೀಪಾಯಿಗೆ ನೀರು ತುಂಬುವಾಗ ಪೈಪಿನ ತುದಿ ದ್ರಾವಣದಲ್ಲಿ ಮುಳುಗಬಾರದು. ಕರೆಂಟು ಹೋಗಿ ಪಂಪು ನಿಂತರೆ ಔಷಧಿ ಹಿಂದಕ್ಕೆ ಬಾವಿಗೆ ಎಳೆದುಕೊಳ್ಳುತ್ತದೆ.
3. ಡಬ್ಬಿ ಮತ್ತು ಸಿಂಪರಣಾ ಯಂತ್ರವನ್ನು ಮೂರು ಸಲ ತೊಳೆದು ಆ ನೀರನ್ನು ಸಿಂಪಡಿಸಿದ ಹೊಲಕ್ಕೇ ಹಾಕಬೇಕು.
4. ಕೊಳವೆ ಬಾವಿಯ ಕೇಸಿಂಗ್ ಪೈಪು ನೆಲಕ್ಕಿಂತ ಎತ್ತರವಿದ್ದು, ಸುತ್ತಲೂ ಸಿಮೆಂಟ್ ಕಟ್ಟೆ ಇರಬೇಕು.
5. ಶಿಫಾರಸು ಮಾಡಿದ ಪ್ರಮಾಣಕ್ಕಿಂತ ಹೆಚ್ಚು ಕಳೆನಾಶಕ ಬಳಸಬಾರದು. ಮಳೆ ಬರುವ ಲಕ್ಷಣವಿದ್ದಾಗ ಸಿಂಪಡಿಸಬಾರದು. ಎಡೆಕುಂಟೆ ಹೊಡೆಯುವುದು, ಕಬ್ಬಿನ ರವದಿಯನ್ನು ಸುಡದೆ ಸಾಲುಗಳಲ್ಲಿ ಹೊದಿಸುವುದು ಇವುಗಳಿಂದ ಕಳೆನಾಶಕದ ಬಳಕೆ ಕಡಿಮೆಯಾಗುತ್ತದೆ.
6. ಕುಡಿಯುವ ನೀರಿನಲ್ಲಿ ಅಟ್ರಜಿನ್ ಇರುವುದು ಪರೀಕ್ಷೆಯಿಂದ ಖಚಿತವಾದರೆ ಸಕ್ರಿಯ ಇದ್ದಿಲಿನ ಶೋಧಕ ಅಥವಾ ಆರ್.ಒ. ಯಂತ್ರ ಮನೆಗೆ ಸೂಕ್ತ. ಇದ್ದಿಲನ್ನು ಹೇಳಿದ ಅವಧಿಗೆ ತಪ್ಪದೆ ಬದಲಾಯಿಸಬೇಕು. ನೀರನ್ನು ಕುದಿಸುವುದರಿಂದ ಅಟ್ರಜಿನ್ ಹೋಗುವುದಿಲ್ಲ.

ಸಾರಾಂಶ

ಹೈಡ್ರಾಕ್ಸಿಲ್ ರ‍್ಯಾಡಿಕಲ್ ಕಳೆನಾಶಕಗಳನ್ನು ಒಡೆಯುವ ಶಕ್ತಿಯುಳ್ಳ ಕಣ. ಬೈಕಾರ್ಬೊನೇಟ್ ಮತ್ತು ಸಾವಯವ ಅಂಶ ಹೆಚ್ಚಿರುವ ನೀರಿನಲ್ಲಿ ಅದರ ಬಹುಪಾಲು ವ್ಯರ್ಥವಾಗುತ್ತದೆ. ಟೆರೆಫ್ತಾಲಿಕ್ ಆಮ್ಲದಂಥ ಬೆಳಕು ಸೂಸುವ ಸೂಚಕವನ್ನು ಅಲ್ಪ ಪ್ರಮಾಣದಲ್ಲಿ ಬಳಸಿ, ಬಟ್ಟಿ ನೀರು ಮತ್ತು ಬಾವಿ ನೀರುಗಳನ್ನು ಹೋಲಿಸಿದರೆ ಈ ನಷ್ಟವನ್ನು ನೇರವಾಗಿ ಅಳೆಯಬಹುದು. ನೀರು ಶುದ್ಧೀಕರಣ ಯಂತ್ರವನ್ನು ಅದು ಬಳಕೆಯಾಗುವ ನೀರಿನಲ್ಲಿಯೇ ಪರೀಕ್ಷಿಸಿ ಕೊಳ್ಳಬೇಕು. ಇದರ ಮೊದಲ ಹೆಜ್ಜೆಯಾಗಿ ಪ್ರತಿಯೊಬ್ಬ ರೈತರೂ ತಮ್ಮ ಬಾವಿಯ ನೀರನ್ನು ಹತ್ತಿರದ ಮಣ್ಣು ಮತ್ತು ನೀರು ಪರೀಕ್ಷಾ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿ, ಬೈಕಾರ್ಬೊನೇಟ್ ಅಂಕಿಯನ್ನು ಬರೆದಿಟ್ಟುಕೊಳ್ಳಬೇಕು. ಬೆಳೆಗೆ ನೀರು ಯೋಗ್ಯವೇ ಎಂಬುದಕ್ಕೂ, ಶುದ್ಧೀಕರಣ ಯಂತ್ರ ಫಲ ಕೊಟ್ಟೀತೇ ಎಂಬುದಕ್ಕೂ ಆ ಒಂದೇ ಅಂಕಿ ಉಪಯೋಗಕ್ಕೆ ಬರುತ್ತದೆ. ಹೆಚ್ಚಿನ ಮಾಹಿತಿ ಬೇಕಾದವರು ತಮ್ಮ ಭಾಗದ ಕೃಷಿ ವಿಜ್ಞಾನ ಕೇಂದ್ರ ಅಥವಾ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಬಹುದು.